ದ್ರಾಕ್ಷಿ ಚಾಟ್ನಿ: ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ – ನಿಮ್ಮ ತೋಟಕ್ಕೆ ಯಾವುದು ಸರಿ?

ಗಣಪತಿ ಹಬ್ಬ ಹತ್ತಿರ ಬಂತೆಂದರೆ ವಿಜಯಪುರ, ಜಮಖಂಡಿ, ಅಥಣಿ ಕಡೆ ದ್ರಾಕ್ಷಿ ಬೆಳೆಗಾರರು ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. "ಈ ಸಲ ಚಾಟ್ನಿ ಯಾವಾಗ ಮಾಡ್ತೀರ್ರಿ?" ಚಾಟ್ನಿ ಅಂದರೆ ಬಳ್ಳಿಯ ಕಡ್ಡಿ ಸವರುವುದು. ಕೇಳಿದವರಿಗೂ ಗೊತ್ತಿಲ್ಲ, ಹೇಳುವವರಿಗೂ ಪೂರ್ತಿ ಧೈರ್ಯ ಇಲ್ಲ. ಒಬ್ಬರು ಸೆಪ್ಟೆಂಬರ್‌ನಲ್ಲೇ ಕತ್ತರಿ ಹಾಕಿ ಜನವರಿಯಲ್ಲಿ ಒಳ್ಳೆ ರೇಟಿಗೆ ಮಾರಿರುತ್ತಾರೆ. ಪಕ್ಕದ ಹೊಲದವರು ಅದೇ ವಾರ ಚಾಟ್ನಿ ಮಾಡಿ ಡೌನಿ ರೋಗಕ್ಕೆ (ಎಲೆ ಒದ್ದೆಯಾದಾಗ ಹರಡುವ ರೋಗ) ಗೊಂಚಲೆಲ್ಲ ಕಳೆದುಕೊಂಡಿರುತ್ತಾರೆ. ಇನ್ನೊಬ್ಬರು ದೀಪಾವಳಿ ಮುಗಿಯಲಿ ಎಂದು ಕಾಯುತ್ತಾರೆ. ಮೂವರ ಲೆಕ್ಕದಲ್ಲೂ ಒಂದಿಷ್ಟು ಹುರುಳಿದೆ. ನಿಮ್ಮ ತೋಟಕ್ಕೆ ಯಾರ ಲೆಕ್ಕ ಹೊಂದುತ್ತದೆ ಎನ್ನುವುದೇ ಪ್ರಶ್ನೆ.

ಈ ಗೊಂದಲ ನಮ್ಮಲ್ಲೇ ಜಾಸ್ತಿ ಯಾಕೆ? ಕ್ಯಾಲಿಫೋರ್ನಿಯಾದಲ್ಲೂ ನಮ್ಮದೇ ಥಾಮ್ಸನ್ ಸೀಡ್‌ಲೆಸ್ ಎನ್ನುವ ಬೀಜವಿಲ್ಲದ ಜಾತಿ ಬೆಳೆಯುತ್ತಾರೆ. ಅಲ್ಲಿ ಚಳಿಗೆ ಎಲೆ ಪೂರ್ತಿ ಉದುರಿ ಬಳ್ಳಿ ಮಲಗಿಬಿಡುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಒಂದೇ ಸಲ ಸವರಿದರೆ ವರ್ಷದ ಕೆಲಸ ಮುಗಿಯಿತು. ಅಲ್ಲಿ ತಾರೀಖನ್ನು ಬಳ್ಳಿಯೇ ಹೇಳುತ್ತದೆ. ನಮ್ಮ ಬಿಸಿಲಿಗೆ ಬಳ್ಳಿ ಮಲಗುವುದೇ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ (ಮುಂದೆ ಗೊಂಚಲು ಬಿಡುವ ಹೊಸ ಕೊಂಬೆ), ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಚಳಿಗಾಲದ ಬೆಳೆ ಕೊಡುವುದು ಈ ಎರಡನೆಯದು. ಹೆಸರಿಗೆ ಅಕ್ಟೋಬರ್ ಅಂತಿದ್ದರೂ ಆಗಸ್ಟ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಯಾವಾಗ ಬೇಕಾದರೂ ಮಾಡಬಹುದು. ತಾರೀಖು ನಮ್ಮ ಕೈಯಲ್ಲಿದೆ, ತಲೆನೋವೂ ನಮ್ಮದೇ.

ಮೊದಲು ಐದು ಪ್ರಶ್ನೆ

ತಾರೀಖು ಗೊತ್ತು ಮಾಡುವ ಮುಂಚೆ ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಬಾಯಲ್ಲಿ ಹೇಳಿಕೊಂಡರೆ ಆಗಲ್ಲ, ಪಕ್ಕದವರ ಚಾಟ್ನಿ ನೋಡಿದ ಕೂಡಲೇ ಮನಸ್ಸು ಬದಲಾಗುತ್ತದೆ.

ಏನು ಮಾರುತ್ತೀರಿ? ತಿನ್ನುವ ಹಣ್ಣೋ, ಒಣದ್ರಾಕ್ಷಿಯೋ? ಹಣ್ಣಾಗಿ ಮಾರುವುದಾದರೆ 18 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಆಸುಪಾಸು ಸಿಹಿ ಬಂದರೆ ಕೊಯ್ಯಬಹುದು. ಒಣದ್ರಾಕ್ಷಿಗೆ 22 ಬ್ರಿಕ್ಸ್ ಆದರೂ ಬೇಕು. ಅಂದರೆ ಗೊಂಚಲು ಬಳ್ಳಿಯಲ್ಲಿ ಇನ್ನೂ ಎರಡು–ಮೂರು ವಾರ ಇರಬೇಕು.

ಚಾಟ್ನಿ ಆದ ಮೇಲಿನ 15ನೇ ದಿನದಿಂದ 45ನೇ ದಿನದವರೆಗೆ ಮಳೆ ಬರುವ ಸಾಧ್ಯತೆ ಎಷ್ಟು? ಐದನೇ ಎಲೆ ಬಿಚ್ಚುವುದರಿಂದ ಹೂ ಕಾಯಾಗುವವರೆಗಿನ ಕಾಲ ಇದು. ಇಡೀ ಬೆಳೆ ಉಳಿಯುವುದೋ ಹೋಗುವುದೋ ಈ ಒಂದು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ಮಾರ್ಚ್‌ನಲ್ಲಿ ಬೋರ್ ಎಷ್ಟು ನೀರು ಕೊಡುತ್ತದೆ? ಈಗ ಅಲ್ಲ, ಮಾರ್ಚ್‌ನಲ್ಲಿ.

ಕೊಯ್ಲಿಗೂ ಮುಂದಿನ ಏಪ್ರಿಲ್ ಚಾಟ್ನಿಗೂ ನಡುವೆ ಎಷ್ಟು ದಿನ ಸಿಗುತ್ತದೆ? ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಐದರಲ್ಲಿ ದೊಡ್ಡ ಪ್ರಶ್ನೆ ಇದೇ.

ಕೊನೆಯದು, ಔಷಧಿಗೂ ಆಳಿಗೂ ಕೈಯಲ್ಲಿ ಎಷ್ಟು ದುಡ್ಡಿದೆ? ಸಾಲ ತಂದು ಸಿಂಪಡಿಸುವ ತೋಟಕ್ಕೂ ಕೈಗಾಸು ಇರುವ ತೋಟಕ್ಕೂ ಒಂದೇ ತಾರೀಖು ಹೊಂದುವುದಿಲ್ಲ.

ಸೆಪ್ಟೆಂಬರ್ ಚಾಟ್ನಿ: ರೇಟು ಇದೆ, ನಿದ್ದೆ ಇಲ್ಲ

ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಚಾಟ್ನಿ ಮಾಡಿದರೆ ಥಾಮ್ಸನ್ ಜಾತಿಯ ಹಣ್ಣು ಸುಮಾರು 125 ದಿನಕ್ಕೆ, ಅಂದರೆ ಜನವರಿ ಮೊದಲ ಭಾಗದಲ್ಲಿ ಬರುತ್ತದೆ. ಶರದ್‌ನಂಥ ಕಪ್ಪು ಜಾತಿ ಇನ್ನೂ ಸ್ವಲ್ಪ ಮೊದಲೇ. ಆಗ ಮಾರುಕಟ್ಟೆಯಲ್ಲಿ ದ್ರಾಕ್ಷಿ ಕಡಿಮೆ, ವ್ಯಾಪಾರಿ ತಾನೇ ತೋಟಕ್ಕೆ ಬರುತ್ತಾನೆ. ಫೆಬ್ರವರಿ ಕೊನೆಯಲ್ಲಿ ಎಲ್ಲರ ತೋಟವೂ ಒಟ್ಟಿಗೆ ಹಣ್ಣಾದಾಗ ಅದೇ ವ್ಯಾಪಾರಿ ಫೋನ್ ಎತ್ತುವುದಿಲ್ಲ.

ಆದರೆ ಮಳೆ ನಕ್ಷತ್ರದ ಲೆಕ್ಕ ಹಾಕಿ ನೋಡಿ. ವಿಜಯಪುರ ಕಡೆ ವರ್ಷದ ದೊಡ್ಡ ಮಳೆ ಸೆಪ್ಟೆಂಬರ್‌ನಲ್ಲೇ. ಹುಬ್ಬಿ ಮುಗಿಯುತ್ತಿದ್ದಂತೆ ಸೆಪ್ಟೆಂಬರ್ 13ರ ಹೊತ್ತಿಗೆ ಉತ್ತರಿ, 27ರ ಹೊತ್ತಿಗೆ ಹಸ್ತ, ಅಕ್ಟೋಬರ್ 10ರ ಸುಮಾರಿಗೆ ಚಿತ್ತಿ. ಸೆಪ್ಟೆಂಬರ್ 5ಕ್ಕೆ ಚಾಟ್ನಿ ಮಾಡಿದರೆ ಐದನೇ ಎಲೆ ಬಿಚ್ಚುವಾಗ ಉತ್ತರಿ ಮಳೆ, ಹೂವಿನ ಹೊತ್ತಿಗೆ ಚಿತ್ತಿ. ಎಳೆ ಗೊಂಚಲಿಗೆ ಹೂವಿಗೆ ಮುಂಚೆಯೇ ಡೌನಿ ಹತ್ತಿತೆಂದರೆ ಔಷಧಿ ಹೊಡೆದು ಉಳಿಸುವುದು ಕಷ್ಟ. ಕಂದು ಬಣ್ಣಕ್ಕೆ ತಿರುಗಿ ಒಣಗಿ ಉದುರುತ್ತದೆ. ಒಂದು ಎಲೆ ಹೋದರೆ ಇನ್ನೊಂದು ಬರುತ್ತದೆ, ಗೊಂಚಲು ಹೋದರೆ ಮುಂದಿನ ವರ್ಷವೇ.

ಹಾಗಾಗಿ ಈ ದಾರಿ ಹಿಡಿಯುವವರು ಸಿಂಪರಣೆಗೆ ದುಪ್ಪಟ್ಟು ತಯಾರಿ ಮಾಡಿಕೊಂಡಿರಬೇಕು. ಮಳೆ ನಿಂತ ಅರ್ಧ ದಿನದೊಳಗೆ ಔಷಧಿ ಹೊಡೆಯುವ ಟ್ರ್ಯಾಕ್ಟರ್ ಬ್ಲೋವರ್ ತೋಟಕ್ಕೆ ಇಳಿಯಬೇಕು. ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಅದು ಸಾಧ್ಯವೇ ಇಲ್ಲ, ಚಕ್ರ ಹೂತು ಹೋಗುತ್ತದೆ. ನೀರು ಬಸಿದು ಹೋಗುವ ಮಸಾರಿ, ಗರಸು ಭೂಮಿ ಇದ್ದವರಿಗೆ ಮಾತ್ರ ಈ ಧೈರ್ಯ ಒಪ್ಪುತ್ತದೆ. ಈಚೆಗೆ ಕೆಲವರು ಸಾಲಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದಾರೆ. ಎಲೆ ನೆನೆಯದಿದ್ದರೆ ಡೌನಿ ಕಾಟ ಬಹಳ ಇಳಿಯುತ್ತದೆ. ಆದರೆ ಆ ಖರ್ಚು ಹೊರಲು ಎಕರೆಗೆ ಲಕ್ಷಗಳ ಮಾತು. ಹೊಸದಾಗಿ ತೋಟ ಕಟ್ಟುವವರು ಯೋಚಿಸಲಿ. ಹಳೆ ತೋಟಕ್ಕೆ, ಅದೂ ಎರಡೆಕರೆಗೆ, ನಾನು ಹೇಳಲಾರೆ.

ಇನ್ನೊಂದು ತೊಡಕಿದೆ. ಸೆಪ್ಟೆಂಬರ್ ಮೊದಲಿಗೆ ಕಡ್ಡಿ ಬಲಿತಿರಬೇಕು. ಏಪ್ರಿಲ್ 10ಕ್ಕೆ ಚಾಟ್ನಿ ಆಗಿದ್ದರೆ ಆಗಸ್ಟ್ ಕೊನೆಗೆ 140 ದಿನ, ಸಾಕು. ಕಡ್ಡಿ ಬುಡದಿಂದ ತುದಿಗೆ ಕಂದು ಬಣ್ಣ ಬಂದಿರುತ್ತದೆ. ಮೇ ತಿಂಗಳಲ್ಲಿ ಚಾಟ್ನಿ ಮಾಡಿದ್ದರೆ ಕಡ್ಡಿ ಇನ್ನೂ ಹಸಿರು. ಅದನ್ನು ಕತ್ತರಿಸಿದರೆ ಕಣ್ಣು (ಚಿಗುರು ಬರುವ ಮೊಗ್ಗು) ಒಂದು ಇಲ್ಲಿ, ಒಂದು ಅಲ್ಲಿ ಒಡೆಯುತ್ತದೆ. ಹಣ್ಣೂ ಹಾಗೇ, ಒಂದೇ ಬಳ್ಳಿಯಲ್ಲಿ ಒಂದು ಗೊಂಚಲು ಮಾಗಿದ್ದು, ಇನ್ನೊಂದು ಹುಳಿ.

ಒಣದ್ರಾಕ್ಷಿಗೆ ಈ ಕಾಲ ಬೇಡವೇ ಬೇಡ. ಜನವರಿ ಚಳಿಯಲ್ಲಿ ಶೆಡ್‌ನಲ್ಲಿ ಹಣ್ಣು ಒಣಗಲು ತಡ ಮಾಡುತ್ತದೆ. ಹಸಿರು ಬಣ್ಣ ಹೋಗಿ ಕಂದಾಗುತ್ತದೆ, ಹರಾಜಿನಲ್ಲಿ ಬಣ್ಣಕ್ಕೇ ಅರ್ಧ ಬೆಲೆ.

ಅಕ್ಟೋಬರ್ ಮಧ್ಯ: ಹೆಚ್ಚಿನವರ ದಾರಿ

ಅಕ್ಟೋಬರ್ 10ರಿಂದ 25ರ ನಡುವೆ ಚಾಟ್ನಿ ಮಾಡಿದರೆ ಹಸ್ತ ಮಳೆ ಹಿಂದೆ ಸರಿದಿರುತ್ತದೆ. ಐದನೇ ಎಲೆಗೆ ಸ್ವಾತಿ ಬಂದಿರುತ್ತದೆ, ಹೂವಿನ ಹೊತ್ತಿಗೆ ನವೆಂಬರ್ ಕೊನೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನಾಲ್ಕು ದಿನ ಮೋಡ ಕವಿಯಬಹುದು, ಅದು ಬಿಟ್ಟರೆ ಎಲೆ ಒಣಗಿಯೇ ಇರುತ್ತದೆ. ಡೌನಿ ಚಿಂತೆ ಕಡಿಮೆಯಾಗಿ ಅದರ ಜಾಗಕ್ಕೆ ಬೂದಿ ರೋಗ ಬರುತ್ತದೆ. ಒಣ ಹವೆ, ತಂಪು, ದಟ್ಟ ಎಲೆ ಇದಕ್ಕೆ ಇಷ್ಟ. ಆದರೆ ಬೂದಿ ರೋಗ ಸದ್ದು ಮಾಡಿಕೊಂಡು ಬರುತ್ತದೆ, ಕಣ್ಣಿಟ್ಟು ನೋಡುವವರಿಗೆ ಸಮಯ ಕೊಡುತ್ತದೆ. ಡೌನಿ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.

ಒಣದ್ರಾಕ್ಷಿ ಮಾಡುವವರಿಗೆ ಈ ಕಾಲ ಹೇಳಿ ಮಾಡಿಸಿದ ಹಾಗೆ. ಅಕ್ಟೋಬರ್ 15ಕ್ಕೆ ಚಾಟ್ನಿ ಆದರೆ ಫೆಬ್ರವರಿ ಮಧ್ಯಕ್ಕೆ ತಿನ್ನುವ ಹಣ್ಣು, ಮಾರ್ಚ್ ಮೊದಲ ಎರಡು ವಾರದಲ್ಲಿ 22 ಬ್ರಿಕ್ಸ್. ಆಗ ವಿಜಯಪುರದ ಗಾಳಿ ಒಣಗಿ ಬಿಸಿಯಾಗಿರುತ್ತದೆ. ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಸಿಯಮ್ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದಿ ರ‍್ಯಾಕಿಗೆ ಹಾಕಿದರೆ ನೆರಳಲ್ಲೇ ಎರಡು ವಾರದಲ್ಲಿ ಹಸಿರು ಬಣ್ಣ ಉಳಿಸಿಕೊಂಡು ಒಣಗುತ್ತದೆ.

ಸಿಹಿಯ ಲೆಕ್ಕ ಬಿಡಬೇಡಿ. 22 ಬ್ರಿಕ್ಸ್ ಇದ್ದರೆ ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಅವಸರ ಮಾಡಿ 18ಕ್ಕೆ ಕೊಯ್ದರೆ ಅದೇ 1 ಕಿಲೋಗೆ ಹತ್ತಿರ ಹತ್ತಿರ ನಾಲ್ಕೂಮುಕ್ಕಾಲು ಕಿಲೋ ಹಣ್ಣು ಬೇಕು. ಹತ್ತು ಟನ್ ಹಣ್ಣಿಗೆ ಸುಮಾರು ನಾಲ್ಕು ಕ್ವಿಂಟಲ್ ಒಣದ್ರಾಕ್ಷಿ ಸುಮ್ನೆ ಗಾಳಿಗೆ ಹೋದ ಹಾಗೆ.

ಈ ದಾರಿಯ ಕೆಟ್ಟ ಗುಣ ಎಂದರೆ ಎಲ್ಲರೂ ಇದೇ ದಾರಿಯಲ್ಲಿ ಇರುವುದು. ಚಾಟ್ನಿ ಗ್ಯಾಂಗ್ ಸಿಗುವುದಿಲ್ಲ. ದಸರಾ, ದೀಪಾವಳಿ ಮಧ್ಯೆ ಬಂದು ಆಳು ಊರಿಗೆ ಹೋಗುತ್ತಾರೆ. ಫೆಬ್ರವರಿ ಕೊನೆಗೆ ಹಣ್ಣಿನ ರೇಟು ಕುಸಿಯುತ್ತದೆ. ಬಾಡಿಗೆ ಶೆಡ್ ನಂಬಿಕೊಂಡವರು ಮಾರ್ಚ್‌ನಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ಹಣ್ಣಾಗಿ ಮಾರುವವರು ಶಿವರಾತ್ರಿಯನ್ನೂ ರಂಜಾನ್ ತಿಂಗಳನ್ನೂ ಕ್ಯಾಲೆಂಡರಿನಲ್ಲಿ ನೋಡಿಕೊಂಡೇ ತಾರೀಖು ಹಿಡಿಯುವುದು ಜಾಣತನ. ಉಪವಾಸದ ದಿನಗಳಲ್ಲಿ ಹಣ್ಣು ಓಡುತ್ತದೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ನಡೆಯುವುದಿಲ್ಲ.

ನವೆಂಬರ್ ಚಾಟ್ನಿ: ಸೋವಿ ಅನಿಸುತ್ತದೆ, ಸಾಲ ಮುಂದಿನ ವರ್ಷಕ್ಕೆ

ತಡವಾಗಿ ಚಾಟ್ನಿ ಮಾಡುವವರ ವಾದ ಕೇಳಲು ಚೆಂದ. ಮಳೆ ಪೂರ್ತಿ ಮುಗಿದಿರುತ್ತದೆ, ಸಿಂಪರಣೆ ಕಡಿಮೆ, ಔಷಧಿ ಅಂಗಡಿಯ ಬಾಕಿಯೂ ಕಡಿಮೆ. ಆಳು ಸಿಗುತ್ತಾರೆ. ಮಾರ್ಚ್ ಕೊನೆಗೆ ಹಣ್ಣು ಬಂದಾಗ ಸುಗ್ಗಿಯ ಅಬ್ಬರ ಇಳಿದು ರೇಟು ಮತ್ತೆ ಏರಿರುವುದೂ ಉಂಟು.

ಇದೆಲ್ಲ ನಿಜವೇ. ಆದರೆ ಈ ಹಾದಿಯಲ್ಲಿ ಮೂರು ಗುಂಡಿಗಳಿವೆ. ಡಿಸೆಂಬರ್ ಚಳಿಯಲ್ಲಿ ಕಣ್ಣು ಒಡೆಯುವುದೂ ಕುಡಿ ಬೆಳೆಯುವುದೂ ನಿಧಾನ. ಕಾಳು ಉಬ್ಬುವ ಹೊತ್ತಿಗೆ ಬಿಸಿಲು ಏರಿ, ಬೋರ್ ಇಳಿದಿರುತ್ತದೆ. ಟ್ಯಾಂಕರ್ ನೀರು ಹಾಕಿ ಗೊಂಚಲು ಮಾಗಿಸಿದವರಿಗೆ ಉಳಿದ ಔಷಧಿ ದುಡ್ಡು ಎಲ್ಲಿ ಹೋಯಿತೆಂದು ಗೊತ್ತು. ಎರಡನೆಯದು ಆಲಿಕಲ್ಲು ಮತ್ತು ಅಕಾಲಿಕ ಮಳೆ. ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಸಂಜೆ ಗುಡುಗಿನ ಮಳೆ ಬಂದರೆ ಬಳ್ಳಿಯಲ್ಲಿ ಸಿಹಿ ತುಂಬಿದ ಕಾಳು ಬಿರಿಯುತ್ತದೆ. ಶೆಡ್‌ನಲ್ಲಿ ಅರ್ಧ ಒಣಗಿದ್ದು ಕಪ್ಪಾಗುತ್ತದೆ.

ಮೂರನೆಯದು ಈ ವರ್ಷ ಕಾಣಿಸುವುದೇ ಇಲ್ಲ. ಲೆಕ್ಕ ಹೀಗೆ. ನವೆಂಬರ್ 10ಕ್ಕೆ ಚಾಟ್ನಿ ಆದರೆ ಒಣದ್ರಾಕ್ಷಿಗೆ ಕೊಯ್ಲು ಏಪ್ರಿಲ್ ಮೊದಲ ವಾರ. ಕೊಯ್ದ ಮೇಲೆ ಬಳ್ಳಿಗೆ ಕನಿಷ್ಠ ಮೂರು ವಾರವಾದರೂ ವಿಶ್ರಾಂತಿ ಬೇಕು. ಇರುವ ಎಲೆಯಿಂದಲೇ ಬೇರಿಗೂ ಕಾಂಡಕ್ಕೂ ಆಹಾರ ತುಂಬಿಸಿಕೊಳ್ಳುವ ಕಾಲ ಅದು. ಅಲ್ಲಿಗೆ ಏಪ್ರಿಲ್ ಚಾಟ್ನಿ ಮೇ ತಿಂಗಳಿಗೆ ಹೋಯಿತು. ಆ ಚಾಟ್ನಿ ಆಗಿ ಸುಮಾರು 40 ದಿನದಿಂದ ಮುಂದೆ, ಹೊಸ ಕಡ್ಡಿಯ ಕಣ್ಣಿನೊಳಗೆ ಮುಂದಿನ ಬೆಳೆಯ ಗೊಂಚಲು ರೂಪ ತಾಳುತ್ತದೆ. ಅದಕ್ಕೆ ಚುರುಕು ಬಿಸಿಲು ಬೇಕು. ಏಪ್ರಿಲ್ 10ಕ್ಕೆ ಚಾಟ್ನಿ ಮಾಡಿದವರ ಕಣ್ಣಿಗೆ ಮೇ ಕೊನೆಯ, ಜೂನ್ ಮೊದಲ ಬಿಸಿಲು ಸಿಗುತ್ತದೆ. ಮೇ 5ಕ್ಕೆ ಮಾಡಿದವರ ಕಣ್ಣಿಗೆ ಜೂನ್ ಮಧ್ಯದಿಂದ ಜುಲೈವರೆಗಿನ ಮೋಡ. ಮೋಡದಲ್ಲಿ ರೂಪವಾದ ಕಣ್ಣು ಅಕ್ಟೋಬರ್‌ನಲ್ಲಿ ಒಡೆದಾಗ ಗೊಂಚಲು ಬರಬೇಕಾದ ಜಾಗದಲ್ಲಿ ಬರೀ ಬಳ್ಳಿಕುಡಿ. ಆಗ ರೈತರು ಗೊಬ್ಬರ ಬೈಯುತ್ತಾರೆ, ನರ್ಸರಿಯವರನ್ನು ಬೈಯುತ್ತಾರೆ. ಕಾರಣ ಹಿಂದಿನ ನವೆಂಬರ್‌ನಲ್ಲಿ ಕೂತಿರುತ್ತದೆ.

ಒಮ್ಮೆ ತಡವಾದರೆ ಪ್ರತಿ ವರ್ಷ ತಡವಾಗುತ್ತಲೇ ಹೋಗುತ್ತದೆ. ಈ ಸುಳಿಯಿಂದ ಹೊರಬರಲು ಒಂದು ವರ್ಷ ಒಣದ್ರಾಕ್ಷಿ ಬಿಟ್ಟು ಹಣ್ಣಾಗಿಯೇ ಮಾರಿ, ಬೇಗ ತೋಟ ಖಾಲಿ ಮಾಡಬೇಕು. ನಷ್ಟದಂತೆ ಕಂಡರೂ ಮಾಡಿ.

ನವೆಂಬರ್ ಯಾರಿಗೂ ಬೇಡವಾ? ಹಾಗೇನಿಲ್ಲ. ದೊಡ್ಡ ಕೃಷಿಹೊಂಡ ಅಥವಾ ಕಾಲುವೆ ನೀರು ಇದ್ದು, ಒಣದ್ರಾಕ್ಷಿಯ ಗೊಡವೆ ಇಲ್ಲದೆ ಹಣ್ಣನ್ನೇ ಮಾರುವವರು ತೋಟದ ಒಂದು ಭಾಗಕ್ಕೆ ನವೆಂಬರ್ ಮೊದಲ ವಾರದವರೆಗೆ ಹೋಗಬಹುದು. ಮಧ್ಯಕ್ಕಿಂತ ಮುಂದೆ ಬೇಡ.

ಭಾಗ ಮಾಡಿ ಮಾಡುವುದು

ನಾಲ್ಕೆಕರೆಗಿಂತ ಹೆಚ್ಚಿದ್ದರೆ ಇದೇ ನನ್ನ ಆಯ್ಕೆ. ಒಂದೇ ದಿನ ಎಲ್ಲ ಮುಗಿಸದೆ ಎಂಟು–ಹತ್ತು ದಿನದ ಅಂತರದಲ್ಲಿ ಭಾಗ ಮಾಡಿ. ಬಲಿತ ಕಡ್ಡಿಯ, ನೀರು ಬಸಿಯುವ ಭಾಗ ಮೊದಲು. ಎರೆ ಮಣ್ಣಿನ ಭಾಗ ಕೊನೆಗೆ. ಒಂದು ಭಾಗದ ಹೂವು ಮಳೆಗೆ ಸಿಕ್ಕರೂ ಇನ್ನೊಂದು ಉಳಿಯುತ್ತದೆ. ಮನೆಯವರೇ ನಾಲ್ಕು ಜನ ಸೇರಿ ಕೆಲಸ ತೂಗಿಸಬಹುದು, ಶೆಡ್ಡೂ ಸರದಿಯಲ್ಲಿ ಸಿಗುತ್ತದೆ. ಒಂದೇ ತೊಂದರೆ, ಸಿಂಪರಣೆಯ ಲೆಕ್ಕವನ್ನು ಭಾಗಕ್ಕೊಂದರಂತೆ ಬೇರೆ ಬೇರೆ ಬರೆದಿಡಬೇಕು. ನೆನಪಿನ ಮೇಲೆ ನಡೆಸಿದರೆ ಎಡವಟ್ಟು ಖಂಡಿತ.

ಎರಡೆಕರೆಯ ತೋಟ, ಸಾಲ ಇದೆ, ಬೋರ್ ಮಾರ್ಚ್‌ಗೆ ಸೊರಗುತ್ತದೆ ಎನ್ನುವವರು ಅಕ್ಟೋಬರ್ 10–15ಕ್ಕೆ ಮುಗಿಸಿ. ರೇಟು ಚೆನ್ನಾಗಿದ್ದರೆ ಫೆಬ್ರವರಿಯಲ್ಲಿ ಹಣ್ಣು ಮಾರಿ, ಇಲ್ಲದಿದ್ದರೆ ಎರಡು ವಾರ ತಡೆದು ಒಣಗಿಸಿ. ಎರಡೂ ಬಾಗಿಲು ತೆರೆದಿರುವ ತಾರೀಖು ಇದೊಂದೇ. ಗರಸು ಭೂಮಿ, ಸ್ವಂತ ಬ್ಲೋವರ್, ಪೇಟೆಯ ವ್ಯಾಪಾರಿಯ ಪರಿಚಯ, ಕೈಯಲ್ಲಿ ದುಡ್ಡು, ನಾಲ್ಕೂ ಇದ್ದವರು ಸೆಪ್ಟೆಂಬರ್‌ಗೆ ಕಾಲು ಭಾಗ ತೋಟ ಇಟ್ಟು ನೋಡಲಿ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಬೇಡ. ವೈನ್ ಕಂಪನಿಗೆ ಒಪ್ಪಂದದ ಮೇಲೆ ಬೆಳೆಯುವವರಿಗೆ ಈ ತಲೆಬಿಸಿ ಇಲ್ಲ, ಕೊಯ್ಲಿನ ವಾರವನ್ನು ಅವರೇ ಹೇಳುತ್ತಾರೆ, ಅಲ್ಲಿಂದ ಹಿಂದಕ್ಕೆ ಎಣಿಸಿದರಾಯಿತು.

ಎಷ್ಟನೇ ಕಣ್ಣಿಗೆ ಕತ್ತರಿಸುವುದು?

ತಾರೀಖು ಸರಿಯಾಗಿದ್ದೂ ಕತ್ತರಿ ತಪ್ಪು ಜಾಗದಲ್ಲಿ ಬಿದ್ದರೆ ಬೆಳೆ ಇಲ್ಲ. ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್, ತಾಸ್-ಎ-ಗಣೇಶ್ ಇವೆಲ್ಲ ಒಂದೇ ಬಳಗ. ಇವುಗಳ ಬುಡದ ಕಣ್ಣಿನಲ್ಲಿ ಗೊಂಚಲು ಇರುವುದು ಕಡಿಮೆ. ನೇರ ಕಡ್ಡಿಯಾದರೆ ಆರೇಳು ಕಣ್ಣು ಅಥವಾ ಇನ್ನೂ ಉದ್ದ ಬಿಡಬೇಕಾಗುತ್ತದೆ. ಏಪ್ರಿಲ್ ಚಾಟ್ನಿ ಆದ ಮೇಲೆ ಏಳನೇ ಎಲೆಗೆ ತುದಿ ಚಿವುಟಿ ಸಬ್‌ಕೇನ್ (ಉಪಕಡ್ಡಿ) ಮಾಡಿದ್ದರೆ ಕೆಲಸ ಸುಲಭ. ಚಿವುಟಿದ ಜಾಗದ ಗಂಟಿನ ಅಕ್ಕಪಕ್ಕದ ಕಣ್ಣುಗಳಲ್ಲಿ ಸಾಮಾನ್ಯವಾಗಿ ಗೊಂಚಲು ಇರುತ್ತದೆ, ಗಂಟಿನ ಮೇಲೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸುತ್ತಾರೆ.

ಸಾಮಾನ್ಯವಾಗಿ ಎನ್ನುವುದು ಸಾಲದು ಎನ್ನುವವರಿಗೆ ಕಣ್ಣು ಪರೀಕ್ಷೆ ಇದೆ. ತೋಟದ ಬೇರೆ ಬೇರೆ ಕಡೆಯಿಂದ ಕೆಲವು ಕಡ್ಡಿ ಕತ್ತರಿಸಿ ಲ್ಯಾಬಿಗೆ ಕೊಟ್ಟರೆ, ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಎಷ್ಟನೇ ಕಣ್ಣಿನಲ್ಲಿ ಗೊಂಚಲಿದೆ ಎಂದು ಹೇಳುತ್ತಾರೆ. ಚಾಟ್ನಿಗೆ ಒಂದೆರಡು ವಾರ ಮುಂಚೆ ಮಾಡಿಸಬೇಕು. ಒಂದು ಸಿಂಪರಣೆಯ ಖರ್ಚಿನ ಮುಂದೆ ಇದು ಏನೂ ಅಲ್ಲ. ಏಪ್ರಿಲ್ ಚಾಟ್ನಿ ತಡವಾಗಿದ್ದರೆ, ಜೂನ್‌ನಲ್ಲಿ ಮೋಡ ಜಾಸ್ತಿ ಇದ್ದಿದ್ದರೆ ತಪ್ಪದೆ ಮಾಡಿಸಿ. ವರದಿಯಲ್ಲಿ ಗೊಂಚಲು ಮೇಲಿನ ಕಣ್ಣುಗಳಲ್ಲಿ ಇದೆ ಎಂದು ಬಂದರೆ ಉದ್ದ ಕಡ್ಡಿ ಬಿಡಿ. ನೋಡಲು ಚೆಂದ ಕಾಣದಿದ್ದರೂ ಪರವಾಗಿಲ್ಲ.

ಕಣ್ಣು ಒಟ್ಟಿಗೆ ಒಡೆಯಲಿ ಎಂದು ಚಾಟ್ನಿ ಆದ ಎರಡು ದಿನದೊಳಗೆ ಹೈಡ್ರೋಜನ್ ಸಯನಮೈಡ್ ಪೇಸ್ಟ್ ಹಚ್ಚುತ್ತಾರೆ. ಬೇಕಾದ ಕಣ್ಣಿಗೆ ಮಾತ್ರ ಹಚ್ಚಬೇಕು, ಕಡ್ಡಿ ಪೂರ್ತಿ ಬಳಿದರೆ ಬೇಡದ ಕಣ್ಣೂ ಎದ್ದು ಕೂರುತ್ತದೆ. ಸೆಪ್ಟೆಂಬರ್ ಶೆಕೆಗೆ ಕಡಿಮೆ ಪ್ರಮಾಣ, ನವೆಂಬರ್ ಚಳಿಗೆ ಹೆಚ್ಚು. ಇದು ವಿಷ ಎನ್ನುವುದನ್ನು ಆಳುಗಳಿಗೆ ಬಿಡಿಸಿ ಹೇಳಿ. ರಬ್ಬರ್ ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ಹಚ್ಚುವವರು ಒಂದು ದಿನ ಮುಂಚೆಯಿಂದ ಮುಂದಿನ ಒಂದು ವಾರದವರೆಗೆ ಸಾರಾಯಿ ಕುಡಿಯಲೇಬಾರದು. ಮೈಯೊಳಗೆ ಎರಡೂ ಸೇರಿದರೆ ಮುಖ ಕೆಂಪಾಗಿ, ಎದೆ ಬಡಿತ ಏರಿ, ಆಸ್ಪತ್ರೆಗೆ ಓಡಬೇಕಾಗುತ್ತದೆ. ಸಂಜೆ ಕೂಲಿ ಕೊಡುವಾಗ ಅಲ್ಲ, ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆಯೇ ಈ ಮಾತು ಆಗಬೇಕು.

ಕತ್ತರಿ: ಕೈಯದೋ, ಬ್ಯಾಟರಿಯದೋ?

ಹಸಿ ಕಡ್ಡಿಗೆ ಎರಡು ಅಲಗು ಒಂದರ ಪಕ್ಕ ಒಂದು ಸರಿಯುವ ಬೈಪಾಸ್ ಕತ್ತರಿಯೇ ಸರಿ. ಅಲಗು ಬಂದು ಚಪ್ಪಟೆ ಪಟ್ಟಿಯ ಮೇಲೆ ಕೂರುವ ಆನ್ವಿಲ್ ಕತ್ತರಿ ಹಸಿ ಕಡ್ಡಿಯನ್ನು ಜಜ್ಜುತ್ತದೆ, ಒಣ ಕಟ್ಟಿಗೆಗೆ ಸಾಕು. ಬ್ಯಾಟರಿ ಕತ್ತರಿ ಕೈ ನೋವು ತಪ್ಪಿಸುತ್ತದೆ, ಕೆಲಸವೂ ಬೇಗ. ಆದರೆ ಚಾಟ್ನಿಯನ್ನು ಎಕರೆ ಲೆಕ್ಕದಲ್ಲಿ ಗ್ಯಾಂಗಿಗೆ ಗುತ್ತಿಗೆ ಕೊಡುವವರು ಅದನ್ನು ಕೊಂಡು ಏನು ಮಾಡುವುದು? ಮನೆಯವರೇ ಸವರುವ ತೋಟ, ಜೊತೆಗೆ ದಾಳಿಂಬೆ, ಪೇರಲ ಇದ್ದರೆ ದುಡ್ಡು ಹಾಕಬಹುದು. ಬೆರಳಿನ ಮೇಲೆ ಎಚ್ಚರ ಇರಲಿ, ಅದಕ್ಕೆ ಕಡ್ಡಿಯೂ ಬೆರಳೂ ಒಂದೇ.

ದಾಳಿಂಬೆ, ಪೇರಲ, ಮಾವು ಇದ್ದವರಿಗೆ

ದ್ರಾಕ್ಷಿಗೆ ಗ್ಯಾಂಗ್ ಬಂದಾಗ "ಆ ನಾಲ್ಕು ಗಿಡಾನೂ ಸವರಿಬಿಡ್ರಿ" ಎನ್ನುವ ಚಟ ಇದೆ. ಗಿಡ ನೋಡಿ ಹೇಳಿ.

ಮಾವಿಗೆ ಚಳಿಗಾಲದಲ್ಲಿ ಕತ್ತರಿ ಹಾಕಬೇಡಿ. ಬಲಿತ ಕೊಂಬೆಯ ತುದಿಯಲ್ಲೇ ಡಿಸೆಂಬರ್–ಜನವರಿಗೆ ಹೂ ಬರುವುದು, ತುದಿ ಕತ್ತರಿಸಿದರೆ ಆ ವರ್ಷದ ಹಣ್ಣು ಕತ್ತರಿಸಿದ ಹಾಗೆಯೇ. ಹಣ್ಣು ಕೊಯ್ದ ಮೇಲೆ ಜೂನ್–ಜುಲೈನಲ್ಲಿ ಮಾಡಿ. ಬಾರೆ ಗಿಡಕ್ಕೆ ಬೇಸಿಗೆಯೇ ನಿದ್ದೆಯ ಕಾಲ, ಸವರುವುದೂ ಆಗಲೇ. ಪೇರಲ ಹೊಸ ಚಿಗುರಿನಲ್ಲಿ ಹಣ್ಣು ಬಿಡುವುದರಿಂದ ಯಾವಾಗ ಸವರಿದರೂ ಒಂದು ಬೆಳೆ ಸಿಗುತ್ತದೆ. ಮಳೆಗಾಲದ ಬೆಳೆಗೆ ಹಣ್ಣಿನ ನೊಣದ ಕಾಟ, ರುಚಿಯೂ ಸಪ್ಪೆ. ಆದ್ದರಿಂದ ಬೇಸಿಗೆ ಕೊನೆಯಲ್ಲಿ ಸವರಿ ಚಳಿಗಾಲದ ಬೆಳೆಗೆ ಹೋಗುವುದು ಮೇಲು. ನಿಂಬೆ, ಚಿಕ್ಕುಗೆ ಒಣಗಿದ ಕೊಂಬೆ, ಬುಡದ ನೀರುಚಿಗುರು ತೆಗೆದರೆ ಸಾಕು.

ದಾಳಿಂಬೆಯಲ್ಲಿ ಮಾತ್ರ ನಿಜವಾದ ಆಯ್ಕೆ ಇದೆ. ಜನವರಿ–ಫೆಬ್ರವರಿಯಲ್ಲಿ ಸವರಿ ನೀರು ಬಿಟ್ಟರೆ ಅಂಬೆ ಬಹಾರ (ಬಹಾರ ಅಂದರೆ ಹೂ ಬರಿಸುವ ಹಂಗಾಮು), ಜೂನ್–ಜುಲೈನಲ್ಲಿ ಮೃಗ ಬಹಾರ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಸ್ತ ಬಹಾರ. ಅಂಬೆಗೆ ಇಡೀ ಬೇಸಿಗೆ ನೀರು ಬೇಕು. ಮೃಗಕ್ಕೆ ನೀರು ಮಳೆಯೇ ಕೊಡುತ್ತದೆ, ಅದರ ಜೊತೆ ದುಂಡಾಣು ಅಂಗಮಾರಿಯನ್ನೂ ತರುತ್ತದೆ. ಅಂಗಮಾರಿ ಒಮ್ಮೆ ಕಂಡ ತೋಟಕ್ಕೆ ಹಸ್ತ ಬಹಾರವೇ ಸುರಕ್ಷಿತ. ರೋಗ ಕಡಿಮೆ, ಬೆಲೆಯೂ ಚೆನ್ನ. ಆದರೆ ಮಳೆ ಬಿಡದಿದ್ದರೆ ಗಿಡಕ್ಕೆ ಬೇಕಾದ ಬಾಡು ಹಿಡಿಸುವುದು (ನೀರು ತಪ್ಪಿಸಿ ಒಣಗಲು ಬಿಡುವುದು) ಕಷ್ಟ, ಹೂ ಕಡಿಮೆ ಬರಬಹುದು. ಯಾವ ಬಹಾರ ಆದರೂ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಅಂಗಮಾರಿ ಕತ್ತರಿಯ ಮೇಲೆ ಕೂತೂ ತೋಟ ಸುತ್ತುತ್ತದೆ. ದಾಳಿಂಬೆ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣದ ಲೇಪ) ಹಚ್ಚುವುದನ್ನೂ ಬಿಡಬೇಡಿ.

ಬೆಂಗಳೂರು ಕಡೆಯವರಿಗೆ, ಮನೆ ಚಪ್ಪರದವರಿಗೆ

ಮೇಲಿನ ಲೆಕ್ಕವೆಲ್ಲ ಕೃಷ್ಣಾ ಸೀಮೆಯದು. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಗೆ ಕತೆ ಬೇರೆ. ಆ ಜಾತಿಯಲ್ಲಿ ಬುಡದ ಕಣ್ಣಿನಲ್ಲೂ ಗೊಂಚಲು ಇರುತ್ತದೆ. ಹವೆ ತಂಪಾಗಿರುವುದರಿಂದ ವರ್ಷಕ್ಕೆ ಎರಡು ಸಲ ಸವರಿ ಎರಡು ಬೆಳೆ ತೆಗೆಯುತ್ತಾರೆ. ಎರಡೂ ಬೆಳೆ ಬೇಕೋ, ಒಂದು ಸಾಕೋ? ಜ್ಯೂಸ್ ಕಾರ್ಖಾನೆಗೆ ಕೊಡುವವರು ಎರಡಕ್ಕೂ ಹೋಗಬಹುದು. ಪೇಟೆಗೆ ಕಳಿಸುವವರು ಮಳೆಯಲ್ಲಿ ಮಾಗುವ ಬೆಳೆಗೆ ಗೊಂಚಲು ಕಡಿಮೆ ಬಿಟ್ಟು, ಬೇಸಿಗೆ ಮುಂಚಿನ ಬೆಳೆಗೆ ಬಳ್ಳಿಯ ಬಲ ಉಳಿಸಿಕೊಳ್ಳುವುದು ಒಳ್ಳೆಯದು. ದಿಲ್‌ಖುಷ್ ಬೆಳೆಯುವವರು ಎರಡರ ಆಸೆಗೆ ಹೋಗಬೇಡಿ, ಅದು ಬೇರೆ ಬಳಗದ ಬಳ್ಳಿ, ಉದ್ದ ಕಡ್ಡಿ ಬೇಕು.

ಮನೆ ಮುಂದೆ ಒಂದೇ ಬಳ್ಳಿ ಹಬ್ಬಿಸಿ "ಎಲೆ ಬರುತ್ತೆ, ಹಣ್ಣು ಬರಲ್ಲ" ಎನ್ನುವವರು ಬಹಳ ಜನ. ಹೆಚ್ಚಿನ ಮನೆಗಳಲ್ಲಿ ಕಾರಣ ಒಂದೇ, ಬಳ್ಳಿಗೆ ಕತ್ತರಿಯನ್ನೇ ತೋರಿಸಿರುವುದಿಲ್ಲ. ಬೆಂಗಳೂರು ನೀಲಿಯಾದರೆ ಅಕ್ಟೋಬರ್ ಕೊನೆಗೆ, ಮಳೆ ನಿಂತ ಮೇಲೆ, ಪೆನ್ಸಿಲ್ ದಪ್ಪದ ಕಂದು ಕಡ್ಡಿಗಳನ್ನು ಮೂರು–ನಾಲ್ಕು ಕಣ್ಣಿಗೆ ಕತ್ತರಿಸಿ. ಸಣಕಲು ಕಡ್ಡಿ ಪೂರ್ತಿ ತೆಗೆಯಿರಿ. ಉಳಿದ ಹಳೆ ಎಲೆ ಕೈಯಿಂದ ಉದುರಿಸಿ. ಮನೆಯಲ್ಲಿ ಮಕ್ಕಳಿದ್ದಾರೆ, ಸಯನಮೈಡ್ ಬೇಡವೇ ಬೇಡ, ಒಂದು ಬಳ್ಳಿಗೆ ಅದರ ಅಗತ್ಯವೂ ಇಲ್ಲ. ಎರಡು ವಾರದಲ್ಲಿ ಚಿಗುರು ಬರುತ್ತದೆ, ಗೊಂಚಲು ಇದ್ದರೆ ಐದಾರು ಎಲೆ ಬಿಚ್ಚುವ ಹೊತ್ತಿಗೇ ಕಾಣುತ್ತದೆ. ಬೆಂಗಳೂರಿನ ತಂಪಿಗೆ ಮಾಗಲು ಸ್ವಲ್ಪ ಹೆಚ್ಚು ದಿನ ಹಿಡಿದು ಮಾರ್ಚ್ ಹೊತ್ತಿಗೆ ಹಣ್ಣು.

ಹೊರದೇಶದಲ್ಲಿ, ಹಿಮ ಬೀಳುವ ಊರಲ್ಲಿ ಹಿತ್ತಲಿಗೆ ದ್ರಾಕ್ಷಿ ಹಾಕಿರುವ ನಮ್ಮವರು ಇಲ್ಲಿನ ತಾರೀಖು ಯಾವುದನ್ನೂ ಹಿಡಿಯಬೇಡಿ. ಅಲ್ಲಿ ಅಕ್ಟೋಬರ್‌ನಲ್ಲಿ ಸವರಿದರೆ ಚಳಿಗೆ ಕಣ್ಣು ಸುಟ್ಟಾಗ ಬದಲಿಗೆ ಕಡ್ಡಿಯೇ ಉಳಿದಿರುವುದಿಲ್ಲ. ಹೆಚ್ಚಿನ ಚಳಿ ಕಳೆದು, ಕಣ್ಣು ಇನ್ನೂ ಉಬ್ಬದಿರುವಾಗ, ಚಳಿಗಾಲದ ಕೊನೆಯಲ್ಲಿ ಸವರಿ. ಆಪಲ್, ಪೇರ್ ಗಿಡಕ್ಕೂ ಅದೇ ಹೊತ್ತು ಆಗುತ್ತದೆ. ಚೆರ್ರಿ, ಏಪ್ರಿಕಾಟ್ ಇದ್ದರೆ ಅವನ್ನು ಒಣ ಹವೆಯ ಬೇಸಿಗೆಗೆ ಬಿಡಿ, ಒದ್ದೆ ಚಳಿಗಾಲದಲ್ಲಿ ಆದ ಗಾಯದ ಮೂಲಕ ಕೊಂಬೆ ಒಣಗಿಸುವ ಶಿಲೀಂಧ್ರ ಒಳಗೆ ಇಳಿಯುತ್ತದೆ.